ಕುರಿ ಕೊಟ್ಟಿಗೆಯ ಮೇಲೊಂದು ಪ್ರಪೋಸಲ್

ನಮ್ಮೂರಿನಲ್ಲಿ ‘ಪ್ರಪೋಸಲ್’ ಎಂಬ ಮಾತಿಗೆ ಮೊದಲಿನಿಂದಲೂ ಎರಡು ಅರ್ಥ. ಒಂದು, ಗಂಡಿಗೋ ಹೆಣ್ಣಿಗೋ ಬರುವ ಸಂಬಂಧ. ಇನ್ನೊಂದು, ಬೆಂಗಳೂರಿನ ದಿಕ್ಕಿನಿಂದ ಬರುವ ರಸ್ತೆ, ಬಡಾವಣೆ, ಕಾರ್ಖಾನೆ. ನಕ್ಷೆಯ ಮೇಲೆ ಕೆಂಪು ಗೆರೆ ಎಳೆದು ‘ಪ್ರಪೋಸ್ಡ್’ ಎಂದು ಬರೆದುಬಿಟ್ಟರೆ ಗೆರೆಯೊಳಗಿನ ಹೊಲ ಹೋಯಿತೆಂದೇ ತಿಳಿಯಬೇಕು. ಈ ಎರಡರಲ್ಲೂ ಊರಿನವರು ಚೆನ್ನಾಗಿ ಪಳಗಿದ್ದಾರೆ. ಮೂರನೆಯ ಅರ್ಥವನ್ನು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಗೆ ಹೊತ್ತು ತಂದವಳು ನಾನು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ರಾಮನಗರದಲ್ಲಿ ಭೂಗೋಳ ಮತ್ತು ಪರಿಸರ ನಿರ್ವಹಣೆಯ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿದ್ದೆ. ಕೊನೆಯ ವರ್ಷ ಸಂಶೋಧನೆ ಮಾಡಬೇಕು. ಅದಕ್ಕೂ ಮೊದಲು ಏನನ್ನು ಹುಡುಕುತ್ತೇನೆ, ಎಲ್ಲಿ, ಹೇಗೆ, ಯಾಕೆ ಎಂದು ಬರೆದು ಒಪ್ಪಿಗೆ ಪಡೆಯಬೇಕು. ಪುಸ್ತಕದಲ್ಲಿ ಅದಕ್ಕೆ ಸಂಶೋಧನಾ ಪ್ರಸ್ತಾವನೆ ಎಂದು ಹೆಸರು. ನಮ್ಮ ಬಾಯಲ್ಲಿ ಅದೂ ಪ್ರಪೋಸಲ್ಲೇ.

ಮನೆಯಲ್ಲಿ ಅವ್ವ, ಅಣ್ಣ, ನಾನು. ಅಪ್ಪ ತೀರಿಕೊಂಡ ಮೇಲೆ ಹೊಲ, ಕುರಿ ಎರಡನ್ನೂ ಅಣ್ಣನೇ ನೋಡಿಕೊಂಡ. ನನ್ನನ್ನು ಓದಿಸಿದವನೂ ಅವನೇ. ವಯಸ್ಸು ಮೂವತ್ತೈದು ದಾಟಿದರೂ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ. ಅವನಲ್ಲಿ ಐಬೇನೂ ಇರಲಿಲ್ಲ. ನಮ್ಮ ಕಡೆ ಕುರಿ ಹಿಂದೆ ಹೋಗುವವನಿಗೆ ಹೆಣ್ಣು ಕೊಡುವವರು ಕಡಿಮೆ, ಅಷ್ಟೇ. ತಿಂಗಳಾದರೆ ಸಂಬಳ ಎಣಿಸುವವನು ಕುಡಿದು ಬಿದ್ದಿದ್ದರೂ ಪರವಾಗಿಲ್ಲ! ಬಂದ ಸಂಬಂಧಗಳೆಲ್ಲ ‘ಹುಡ್ಗ ಏನ್ ಮಾಡ್ತವ್ನೆ?’ ಎಂಬ ಪ್ರಶ್ನೆಗೇ ನಿಂತುಹೋಗುತ್ತಿದ್ದವು.

ಹೀಗಿರುವಾಗ ಚನ್ನಪಟ್ಟಣದ ಹತ್ತಿರದ ಹೊಂಗನೂರಿನಿಂದ ಮದುವೆ ದಲ್ಲಾಳಿಯೊಬ್ಬರು ಅವ್ವನಿಗೆ ಫೋನ್ ಮಾಡಿದರು. ‘ಕನಕಪುರದ ಕಡೆ, ದೊಡ್ಡಆಲಹಳ್ಳೀಲಿ ಒಳ್ಳೆ ಪ್ರಪೋಸಲ್ ಐತೆ ಕಣವ್ವ. ಅವರ ಮನೇಲೂ ಕುರಿ ಸಾಕವ್ರೆ. ವಾಸ್ನೆ ಗೀಸ್ನೆ ಅಂತ ಮೂಗು ಮುಚ್ಕಳಕ್ಕಿಲ್ಲ.’

ಹೋಗಿ ನೋಡಿ ಬಂದೆವು. ಹುಡುಗಿ ಕಾಫಿ ತಂದಿಟ್ಟು ಒಳಗೆ ಹೋದವಳು ಬಾಗಿಲಲ್ಲೇ ನಿಂತು, ‘ಕುರಿಗೊಳ್ಗೆ ಹೆಸ್ರಿಟ್ಟಿದ್ದೀರಾ?’ ಎಂದು ಅಣ್ಣನನ್ನು ಕೇಳಿದಳು. ಅಣ್ಣ ತಬ್ಬಿಬ್ಬಾಗಿ, ‘ಒಂದೆರಡಕ್ಕೆ’ ಎಂದ. ಅವಳು ನಕ್ಕಳು. ಅವಳು ಕೇಳಿದ್ದು ಅದೊಂದೇ ಪ್ರಶ್ನೆ. ಆಮೇಲೆ ಎಷ್ಟೋ ದಿನ ಅಣ್ಣ ಬೈಕ್ ಒರೆಸುವಾಗಲೂ ತನ್ನಷ್ಟಕ್ಕೆ ನಗುತ್ತಿದ್ದ. ‘ಏನ್ ನಗು ಅದು, ಹಲ್ನ ಬಿಸ್ಲಿಗೆ ಒಣಗಿಸ್ತಾ ಇದ್ದೀಯಾ?’ ಎಂದು ನಾನು ರೇಗಿಸುತ್ತಿದ್ದೆ. ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರುವುದು, ಮಾತು ಮುಗಿಸುವುದು.

ಇತ್ತ ನನ್ನ ಪ್ರಪೋಸಲ್ ಮಾತ್ರ ಮೇಲೇಳುತ್ತಲೇ ಇರಲಿಲ್ಲ. ಮೊದಲು ‘ರಾಮನಗರ ಜಿಲ್ಲೆಯ ಪರಿಸರ ನಿರ್ವಹಣೆ’ ಎಂದು ಬರೆದುಕೊಂಡು ಹೋದೆ. ನಮ್ಮ ಮಾರ್ಗದರ್ಶಕಿ, ಅವರನ್ನು ಮೇಡಂ ಎನ್ನುತ್ತೇನೆ, ಹಾಳೆಯನ್ನು ಒಂದೇ ಬೆರಳಲ್ಲಿ ನನ್ನ ಕಡೆ ತಳ್ಳಿ, ‘ಇದನ್ನು ಮಾಡೋಕೆ ನಿನಗೊಂದು ಜನ್ಮ ಸಾಲದು’ ಎಂದರು. ಎರಡನೆಯ ಸಲ ಬಂಡೆ ಬೆಟ್ಟಗಳ ಬಗ್ಗೆ ಬರೆದೆ. ಅದನ್ನು ಎಲ್ಲರೂ ಮಾಡಿ ಬಿಟ್ಟಿದ್ದಾರೆ ಎಂದರು. ಮೂರನೆಯ ಸಲ ಏನೂ ತೋಚದೆ, ನಮ್ಮೂರ ಗೋಮಾಳಕ್ಕೆ ತಂತಿ ಬೇಲಿ ಬೀಳುತ್ತಿದೆ, ಫಾರ್ಮ್ ಹೌಸುಗಳು ಏಳುತ್ತಿವೆ, ಅಣ್ಣ ಕುರಿ ಹೊಡೆದುಕೊಂಡು ಮೊದಲಿಗಿಂತ ಹೆಚ್ಚು ಸುತ್ತಿ ಬಳಸಿಕೊಂಡು ಹೋಗುತ್ತಾನೆ ಎಂದೆ. ಮೇಡಂ ಕನ್ನಡಕ ತೆಗೆದರು. ‘ಇದನ್ನು ಬಿಟ್ಟು ಊರೆಲ್ಲ ಸುತ್ತುತ್ತಾ ಇದ್ದೀಯಲ್ಲ’ ಎಂದರು.

ನನಗೆ ರೆಕ್ಕೆ ಬಂದಂತಾಯಿತು. ಅಧ್ಯಯನ ಪ್ರದೇಶದ ಗಡಿ ಗುರುತಿಸಲು ನನ್ನ ಫೋನನ್ನು ಅಣ್ಣನ ಜೇಬಿಗೆ ಹಾಕಿ ಕಳಿಸಿದೆ. ನಡೆದ ದಾರಿಯೆಲ್ಲ ಅದರಲ್ಲಿ ಗೆರೆಯಾಗಿ ಉಳಿಯುತ್ತದೆ. ಅವನು ಎಂದಿನಂತೆ ಕುರಿ ಮೇಯಿಸಿಕೊಂಡು ಸಂಜೆ ಬಂದ. ಪರದೆಯ ಮೇಲೆ ಕೆರೆ ಏರಿ, ಗುಡ್ಡದ ಬುಡ, ಬೇಲಿಗಳ ಸಂದಿ ಎಲ್ಲ ಸುತ್ತಿ ಬಂದ ಗೆರೆ ಕಂಡಿತು. ಅಣ್ಣ ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ. ‘ಬೇವಿನ ಮರದಡಿ ಕುಂತಿದ್ದೂ ಇದ್ರಲ್ಲಿ ಬಂದೈತಾ?’ ಎಂದು ಕೇಳಿದ. ಬಂದೈತೆ ಎಂದೆ. ಆ ಗೆರೆಯನ್ನೇ ಕೆಂಪು ಮಾಡಿ ನಕ್ಷೆ ತಯಾರಿಸಿದೆ.

ಆದರೂ ಮೇಡಂಗೆ ತೃಪ್ತಿಯಾಗಲಿಲ್ಲ. ‘ಗುರಿ ಸರಿ ಇದೆ, ವಿಧಾನ ಸರಿ ಇದೆ, ಸಮಸ್ಯೆ ಎಲ್ಲಿ? ಸಮಸ್ಯೆ ಓದಿದವರ ಎದೆಗೆ ನಾಟಬೇಕು’ ಎಂದರು. ಮನೆಗೆ ಬಂದು, ಅಣ್ಣ ಕೊಟ್ಟಿಗೆ ಗುಡಿಸುತ್ತಿದ್ದ ಸದ್ದು ಕೇಳುತ್ತ ಕುಳಿತು, ಒಂದು ವಾಕ್ಯ ಬರೆದೆ: ‘ಈ ಭಾಗದಲ್ಲಿ ಕುರಿ ಸಾಕಣೆ ಮುಂದಿನ ತಲೆಮಾರಿಗೆ ಉಳಿಯುವ ಸಾಧ್ಯತೆ ಇಲ್ಲ.’ ಬರೆದವಳಿಗೇ ಮೈ ಜುಮ್ಮೆಂದಿತು. ಒಂದು ಮನೆಯನ್ನೂ ಇನ್ನೂ ಕೇಳಿರಲಿಲ್ಲ, ಒಂದು ಕುರಿಯನ್ನೂ ಎಣಿಸಿರಲಿಲ್ಲ. ಮೇಡಂ ಆ ವಾಕ್ಯದ ಪಕ್ಕ ಸರಿ ಗುರುತು ಹಾಕಿದರು. ನನ್ನಂಥ ಅಧಿಕಪ್ರಸಂಗಿಗೆ ಅಷ್ಟು ಸಾಕಾಯಿತು.

ವಿಭಾಗದಲ್ಲಿ ಮೊದಲ ಸುತ್ತಿನ ಸೆಮಿನಾರ್ ಇತ್ತು. ಅದಕ್ಕೆ ನಕ್ಷೆಯನ್ನು ದೊಡ್ಡದಾಗಿ ಫ್ಲೆಕ್ಸ್ ಮಾಡಿಸಿದೆ. ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ‘ಪ್ರಪೋಸ್ಡ್ ಸ್ಟಡಿ ಏರಿಯಾ’. ಸೆಮಿನಾರ್ ಮುಗಿದ ಮೇಲೆ ಸುರುಳಿ ಸುತ್ತಿ ಬಸ್ಸಿನಲ್ಲಿ ಮನೆಗೆ ತಂದೆ. ನಮ್ಮೂರಿನಲ್ಲಿ ಯಾವ ಫ್ಲೆಕ್ಸೂ ಹಾಳಾಗುವುದಿಲ್ಲ. ಹುಟ್ಟುಹಬ್ಬದ ಮುಖಂಡರ ಮುಖದ ಮೇಲೆ ರಾಗಿ ಒಣಗುತ್ತದೆ, ಗೆದ್ದವರೂ ಸೋತವರೂ ಒಂದೇ ಹುಲ್ಲಿನ ಬಣವೆಗೆ ಹೊದಿಕೆಯಾಗುತ್ತಾರೆ. ಅವ್ವ ನನ್ನ ಫ್ಲೆಕ್ಸನ್ನು ಕೈಯಲ್ಲಿ ಹಿಡಿದು ನೋಡಿ, ‘ಒಳ್ಳೆ ದಪ್ಪ ಐತೆ’ ಎಂದು ಸೋರುತ್ತಿದ್ದ ಕುರಿ ಕೊಟ್ಟಿಗೆಯ ಮೇಲೆ ಹಾಸಿಸಿದಳು. ಗಾಳಿಗೆ ಹಾರದಿರಲಿ ಎಂದು ಅಣ್ಣ ಒಂದು ಹಳೇ ಟೈರು ಹೇರಿದ. ಅದು ಸರಿಯಾಗಿ ‘ಸ್ಟಡಿ’ ಎಂಬ ಪದದ ಮೇಲೆ ಕೂತಿತು. ನೋಡಿ ನಕ್ಕೆನೇ ಹೊರತು ಸರಿಸಲಿಲ್ಲ.

ಮುಂದಿನ ಭಾನುವಾರ ದೊಡ್ಡಆಲಹಳ್ಳಿಯವರು ಬಂದರು. ಹುಡುಗಿಯ ಅಪ್ಪ, ಸೋದರಮಾವ, ಇಬ್ಬರು ಹೆಂಗಸರು, ಜೊತೆಗೆ ಹೊಂಗನೂರಿನ ದಲ್ಲಾಳಿ. ಸೋದರಮಾವನದೇ ಯಜಮಾನಿಕೆ. ಸೈಟಿನ ವ್ಯವಹಾರದಲ್ಲಿ ಓಡಾಡಿದ ಮನುಷ್ಯ. ಅವ್ವ ಒಬ್ಬಟ್ಟು ಮಾಡಿದ್ದಳು. ಅಣ್ಣ ಹೊಸ ಶರ್ಟಿನ ಮಡಿಕೆ ಗೆರೆಗಳನ್ನು ಕೈಯಲ್ಲೇ ತೀಡಿಕೊಳ್ಳುತ್ತಿದ್ದ.

ಸೋದರಮಾವ ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದವರು ಕೊಟ್ಟಿಗೆಯ ಮೇಲೆ ನೋಡಿ ನಿಂತೇಬಿಟ್ಟರು. ‘ಪ್ರಪೋಸ್ಡ್ ಏರಿಯಾ’ ಎಂದು ಬಿಡಿಸಿ ಬಿಡಿಸಿ ಓದಿದರು. ಊರನ್ನೆಲ್ಲ ಸುತ್ತಿದ್ದ ಕೆಂಪು ಗೆರೆಯ ಮೇಲೆ ಕಣ್ಣಾಡಿಸಿದರು. ಅವರ ಮುಖ ಅರಳಿತು.

‘ನಿಮ್ ಹೊಲನೂ ಗೆರೆ ಒಳಗೇ ಐತಾ?’ ಎಂದು ಅಣ್ಣನನ್ನು ಕೇಳಿ, ದಲ್ಲಾಳಿಯ ಕಡೆ ತಿರುಗಿ, ‘ಇದ್ನ ಮೊದ್ಲೇ ಯೋಳ್ಬಾರ್ದೇನಯ್ಯ?’ ಎಂದರು. ಜಮೀನಿಗೆ ಸರ್ಕಾರದ ಪರಿಹಾರ ಬರುವ ಮನೆ ಎಂದು ಅವರು ತಿಳಿದದ್ದು ನಮಗೆಲ್ಲ ಗೊತ್ತಾಯಿತು.

‘ಇಲ್ಲ ಮಾವ, ಅದು ನಮ್ಮ ಹುಡ್ಗೀದು, ಕಾಲೇಜಿಂದು. ಬರೀ ಓದೋ ಇಚಾರ’ ಎಂದ ಅಣ್ಣ. ಸುಳ್ಳು ಅವನ ಬಾಯಲ್ಲಿ ಬರುವುದಿಲ್ಲ. ಸೋದರಮಾವನಿಗೆ ಕೊಂಚ ಪೆಚ್ಚಾಯಿತು. ಆದರೂ ಅವರೇನೂ ಮುನಿಸಿಕೊಳ್ಳಲಿಲ್ಲ. ‘ಓಹೋ, ಓದೋದಾ’ ಎಂದು ನಕ್ಕರು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಮರ್ಯಾದೆಗೆಂದು ನನ್ನನ್ನೊಂದು ಮಾತು ಕೇಳಿದರು: ‘ಏನವ್ವ ಓದ್ತಾ ಇರೋದು ಇದ್ರಲ್ಲಿ?’

ಹಾಗೇ ಏನೋ ಒಂದು ಹೇಳಿ ಒಳಗೆ ಹೋಗಬೇಕಿತ್ತು. ಅಡುಗೆಮನೆಯ ಬಾಗಿಲಿಂದ ಅವ್ವ ಕಣ್ಣಲ್ಲೇ ಕರೆಯುತ್ತಿದ್ದಳು. ನನಗೆಲ್ಲಿಯ ಪುರುಸೊತ್ತು? ಕೋಲು ತೆಗೆದುಕೊಂಡು ಟೈರನ್ನು ಸರಿಸಿದೆ. ಸೆಮಿನಾರಿನಲ್ಲಿ ಹೇಳಿದ್ದನ್ನೆಲ್ಲ ಅಲ್ಲೇ ಅಂಗಳದಲ್ಲಿ ಶುರು ಮಾಡಿದೆ. ಇದು ಗೋಮಾಳ, ಇಲ್ಲಿ ಬೇಲಿ, ಇದು ಮೊದಲು ಮೇಯುವ ಜಾಗ, ಈಗ ಗೇಟು ಹಾಕಿದ್ದಾರೆ, ಉಪಗ್ರಹದ ಚಿತ್ರದಲ್ಲಿ ಹಸಿರು ಹೀಗೆ ಕಮ್ಮಿಯಾಗಿದೆ. ಎಲ್ಲರೂ ಸುಮ್ಮನೆ ಕೇಳುತ್ತಿದ್ದರು. ಆ ಮೌನವನ್ನು ಮೆಚ್ಚುಗೆ ಎಂದುಕೊಂಡೆ! ಕೊನೆಗೆ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು ಎಂದು ಕಲಿತಿದ್ದೆನಲ್ಲ, ಹಾಗೆಯೇ ಹೇಳಿದೆ: ‘ಒಟ್ಟಿನಲ್ಲಿ ಈ ಕಸುಬು ಮುಂದಿನ ತಲೆಮಾರಿಗೆ ಉಳಿಯೋ ಸಾಧ್ಯತೆ ಇಲ್ಲ.’

ಸೋದರಮಾವ ಲೋಟವನ್ನು ಜಗಲಿಯ ಮೇಲಿಟ್ಟರು. ‘ಒಳ್ಳೆ ಕೆಲ್ಸ ಮಾಡ್ದೆ ಕಣವ್ವ. ತಿಳ್ಕಂಡಂಗಾಯ್ತು’ ಎಂದರು. ಆಗ ಅಣ್ಣನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದ. ನಾನು ಏನು ಹೇಳಿದೆ, ಯಾರ ಮುಂದೆ ಹೇಳಿದೆ ಎಂಬುದು ಆಗ ಹೊಳೆಯಿತು. ಭೂಮಿ ಬಾಯಿ ಬಿಡಬಾರದೇ ಎಂದು ದೊಡ್ಡವರು ಯಾಕೆ ಹೇಳುತ್ತಾರೆ ಎಂಬುದೂ ತಿಳಿಯಿತು.

‘ಅಂದ್ರೆ, ಅದು ಬರೀ ಊಹೆ...’ ಎಂದು ತೊದಲಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಎಲೆ ಹಾಕಿದ್ದರೂ ಅವರು ಕೂರಲಿಲ್ಲ. ‘ಊಟ ಇನ್ನೊಂದ್ ಸಲ ಬಂದಾಗ ಮಾಡಿದ್ರಾಯ್ತು ಬುಡಿ ತಾಯಿ’ ಎಂದು ಕಾರು ಹತ್ತಿದರು. ಮನೆ ನೋಡಲು ಬಂದವರು ಉಣ್ಣದೆ ಹೋದರೆ ಏನರ್ಥ ಎಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಬ್ಬಟ್ಟನ್ನು ಅವ್ವ ಪಕ್ಕದ ಮನೆಗಳಿಗೆ ಹಂಚಿಬಿಟ್ಟಳು. ಬಂದು ನನ್ನ ಮುಂದೆ ನಿಂತು, ‘ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನೀನು ಎರಡನ್ನೂ ಮಾಡ್ದಲ್ಲೇ. ಮನೆ ಮಗಳು ಆಡೋ ಮಾತೇನೇ ಅದು?’ ಎಂದಳು. ಬೈದದ್ದೇ ವಾಸಿಯೆನಿಸಿತು. ಅಣ್ಣ ಹೊಸ ಶರ್ಟು ಬಿಚ್ಚಿಟ್ಟು ಕುರಿ ಬಿಟ್ಟುಕೊಂಡು ಹೋದ.

ಎರಡು ದಿನ ಬಿಟ್ಟು ದಲ್ಲಾಳಿ ಫೋನ್ ಮಾಡಿದರು. ಸ್ಪೀಕರಿನಲ್ಲಿ ಮೂವರಿಗೂ ಕೇಳಿಸಿತು. ‘ಹುಡ್ಗಿ ಒಪ್ಪಿದ್ಲಂತೆ ಕಣವ್ವ. ಸೋದರಮಾವ ಬುಡ್ಲಿಲ್ಲ. ಮನೆಯವ್ರೇ ಉಳಿಯಾಕಿಲ್ಲ ಅಂದ್ಮೇಲೆ ನಾವೆಂಗೆ ಕೊಡಾದು ಅಂದ್ರಂತೆ.’

ಆ ಸಂಜೆ ಅಣ್ಣನ ಹಿಂದೆ ಕೊಟ್ಟಿಗೆಗೆ ಹೋದೆ. ಏನು ಹೇಳಬೇಕೆಂದು ಎಷ್ಟು ಸಲ ಜೋಡಿಸಿಕೊಂಡಿದ್ದೆನೋ, ಬಾಯಿಗೆ ಬಂದದ್ದು ಪಾಠದ ಮಾತೇ. ‘ಅಣ್ಣ, ಪ್ರಪೋಸಲ್ ಅಂದ್ರೆ ಮುಂದೆ ನೋಡ್ತೀವಿ ಅಂತ ಅಷ್ಟೆ. ಅದು ನಿಜ ಅಂತ ಅಲ್ಲ. ನಾನಿನ್ನೂ ಯಾರನ್ನೂ ಕೇಳೇ ಇಲ್ಲ.’

ಅಣ್ಣ ಮರಿಯೊಂದನ್ನು ತಾಯಿಯ ಕೆಚ್ಚಲಿಗೆ ಬಿಡುತ್ತಿದ್ದ. ‘ಕೇಳ್ದೇನೆ ಬರ್ದಾ?’ ಎಂದ. ಕೊಂಕು ಇರಲಿಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು. ಮರಿಯ ಬಾಯಿಗೆ ಮೊಲೆ ಸಿಗಿಸಿ, ‘ನನ್ನೊಬ್ನನ್ನಾರ ಕೇಳ್ಬೋದಿತ್ತಲ್ಲಮ್ಮಿ’ ಎಂದ. ಅವನ ದಾರಿಯನ್ನು ಫೋನಿನಲ್ಲಿ ತುಂಬಿಕೊಂಡು ಬಂದಿದ್ದೆ, ಅವನನ್ನು ಒಂದು ಮಾತೂ ಕೇಳಿರಲಿಲ್ಲ.

ಮರುದಿನ ಮೇಡಂ ಹತ್ತಿರ ಹೋಗಿ, ಆ ವಾಕ್ಯವನ್ನು ಪ್ರಶ್ನೆಯಾಗಿ ತಿದ್ದುತ್ತೇನೆ, ಉಳಿಯುತ್ತದೆಯೇ ಎಂದು ಕೇಳುತ್ತೇನೆ ಎಂದೆ. ‘ಹುಚ್ಚಾ? ಇಡೀ ಪ್ರಪೋಸಲ್ಲಿನ ಜೀವ ಇರೋದೇ ಅಲ್ಲಿ. ಒಪ್ಪಿಗೆ ಕೊಡೋ ಸಮಿತಿಯವರು ಅದನ್ನೇ ಹಿಡಿದುಕೊಳ್ಳೋದು’ ಎಂದರು. ಮನೆಯಲ್ಲಿ ನಡೆದದ್ದನ್ನು ಹೇಳಿದ್ದರೆ ಅವರೂ ಒಪ್ಪುತ್ತಿದ್ದರೇನೋ. ಹೇಳಲು ನಾಚಿಕೆಯಾಯಿತು. ಹೇಳದೆ ಬಂದದ್ದಕ್ಕೆ ಇನ್ನೂ ನಾಚಿಕೆಯಾಗುತ್ತದೆ. ಅಂಗಳದಲ್ಲಿ ಬೇಡವೆಂದರೂ ಬಿಚ್ಚಿಕೊಂಡ ಬಾಯಿ ಅಲ್ಲಿ ಬೇಕೆಂದಾಗ ಬಿಚ್ಚಲಿಲ್ಲ. ವಾಕ್ಯ ಹಾಗೆಯೇ ಉಳಿಯಿತು.

ಸಮಿತಿ ಕೂತ ದಿನ ಹಿರಿಯರೊಬ್ಬರು ಅದೇ ವಾಕ್ಯವನ್ನು ಗಟ್ಟಿಯಾಗಿ ಓದಿ, ‘ಸಮಸ್ಯೆಯನ್ನು ಹೀಗೆ ನೇರವಾಗಿ ಹೇಳಬೇಕು’ ಎಂದು ಉಳಿದ ವಿದ್ಯಾರ್ಥಿಗಳಿಗೆ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನೆಲ ನೋಡುತ್ತ ನಿಂತಿದ್ದೆ. ವಿನಯ ಎಂದುಕೊಂಡಿರಬೇಕು.

ಮನೆಗೆ ಬಂದಾಗ ಅಣ್ಣ ಕೊಟ್ಟಿಗೆಯ ಮುಂದೆ ಕೂತು ಕುರಿಯ ಗೊರಸು ಕತ್ತರಿಸುತ್ತಿದ್ದ. ಫ್ಲೆಕ್ಸನ್ನು ಅವನೇ ಯಾವಾಗಲೋ ಮಗುಚಿ ಹಾಸಿದ್ದ. ನನ್ನ ಬ್ಯಾಗು ನೋಡಿ ತಲೆಯೆತ್ತಿದ.

‘ನಿನ್ ಪ್ರಪೋಸಲ್ ಏನಾಯ್ತಮ್ಮಿ?’

‘ಒಪ್ಪಿದ್ರು.’

‘ಒಳ್ಳೇದಾಯ್ತು ಬುಡು’ ಎಂದ ಅಣ್ಣ. ‘ಮನೇಲಿ ಒಂದಾದ್ರೂ ಒಪ್ಪಿದ್ರಲ್ಲ.’

ಚುಚ್ಚಲೆಂದು ಅಂದದ್ದಲ್ಲ. ಚುಚ್ಚುವುದು ಅವನಿಗೆ ಬರುವುದೂ ಇಲ್ಲ. ‘ಒಸಿ ಈ ಕಾಲು ಹಿಡ್ಕೊ ಬಾ’ ಎಂದು ಕರೆದ. ಬ್ಯಾಗು ಕೆಳಗಿಟ್ಟು ಹೋಗಿ ಹಿಡಿದುಕೊಂಡೆ.