ಹೆಸರು ಹೇಳಿ ಒಳಗೆ ಬರುವ ಮುರಿಗೆಪ್ಪ ಗುರುಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ವಿಶೇಷ ಮಕ್ಕಳ ಶಿಕ್ಷಣವೆಂದರೆ ಮೊದಲು ನೆನಪಾಗುವವರು ಶ್ರೀ ಮುರಿಗೆಪ್ಪ ಗುರುಗಳು. ಬೋಳು ತಲೆ, ಹಣೆತುಂಬ ವಿಭೂತಿ, ಬಸ್ಸಿಳಿದು ಬೀಸುಗಾಲು ಹಾಕುವ ಆ ಮೂರ್ತಿಯನ್ನು ಯಾರಾದರೂ ದೂರದಿಂದಲೇ ಗುರುತಿಸಬಹುದು.

ನಾನು ಹುಕ್ಕೇರಿಯ ವಿಶೇಷ ಮಕ್ಕಳ ಕೇಂದ್ರದಲ್ಲಿ ಅವರ ಕೈಕೆಳಗೆ ಸೇರಿದ ವರ್ಷ, ದಡ್ಡಿ ಗ್ರಾಮದ ಸೀತವ್ವ ಆಟಿಸಂ ಇದ್ದ ತನ್ನ ನಾಲ್ಕು ವರ್ಷದ ಮಗಳು ಸುಮನಳನ್ನು ಕರೆತರುತ್ತಿದ್ದಳು. ಒಂದು ದಿನ ಮಗುವನ್ನು ನಮ್ಮಲ್ಲಿ ಬಿಟ್ಟು ಮದುವೆಗೆ ಹೋದವಳು ಹೊಸ ಸೀರೆ, ಮುಡಿತುಂಬ ಹೂವಿನಲ್ಲೇ ಮರಳಿ ಬಂದಳು. ಸುಮನ ತಾಯಿಯನ್ನು ದಾಟಿ ಹೋಗಿ, ಮಾಸಿದ ನೀಲಿ ಸೀರೆಯುಟ್ಟ ಬೇರೊಬ್ಬ ಹೆಂಗಸಿನ ಸೆರಗು ಹಿಡಿದು ನಿಂತಳು. ಸೀತವ್ವ ದಿನವೂ ಉಡುತ್ತಿದ್ದುದು ಅಂಥದೇ ಸೀರೆ.

“ಹಡದಾಕಿನ ಬ್ಯಾಡಾಗೇನಿ ನೋಡ್ರಿ. ಇದಕ್ಕ ನನ್ನ ಮ್ಯಾಲ ಮಾಯಾ ಇಲ್ಲಂತ ಮನ್ಯಾಗೂ ಅಂತಾರ್ರಿ,” ಎಂದು ಅವಳು ಮೆಟ್ಟಿಲ ಮೇಲೆ ಕುಸಿದು ಅತ್ತಳು.

ಗುರುಗಳು ಅದೇ ಮೆಟ್ಟಿಲ ಮೇಲೆ ಕುಳಿತರು. “ಹಂಗ ಅನಬ್ಯಾಡವಾ ತಂಗಿ. ಆಕಿ ನಿನ್ನ ಹುಡುಕಾಕತ್ತಾಳ. ಆಕಿಗೆ ಮಾರಿ ಗುರುತು ಹತ್ತಾಂಗಿಲ್ಲ, ಸೀರಿ ಗುರುತು ಐತಿ. ಕರಿ, ನೀ ಯಾರಂತ ಹೇಳು.”

“ಸುಮನಾ, ನಾ ನಿಮ್ಮವ್ವ,” ಎಂದಳು ಸೀತವ್ವ. ಮಗು ಸೆರಗು ಬಿಟ್ಟು ಬಂದು, ತಾಯಿಯ ಬಳೆ ಮುಟ್ಟಿ ನೋಡಿ ಮಡಿಲೇರಿತು. ಸೀತವ್ವ ಮತ್ತೆ ಅತ್ತಳು, ಈ ಸಲ ನಮಗೂ ತಡೆಯಲಾಗಲಿಲ್ಲ.

ಅಂದಿನಿಂದ ಕೇಂದ್ರದೊಳಗೆ ಕಾಲಿಡುವವರೆಲ್ಲ ಮೊದಲು ತಮ್ಮ ಹೆಸರು ಹೇಳಬೇಕೆಂದು ಗುರುಗಳು ಕಟ್ಟುನಿಟ್ಟು ಮಾಡಿದರು. ದಿನಾ ನೋಡುವವರ ಮುಂದೆ ಇದೆಂಥ ಡಂಗುರವೆಂದು ನಾವು ನಗುತ್ತಿದ್ದೆವು. ಈಗ ನಾನು ಮನೆಗೆ ಹೋದಾಗಲೂ ಬಾಯ್ತಪ್ಪಿ ಹೆಸರು ಹೇಳುತ್ತೇನೆ, “ಗೊತ್ತೈತಿ, ಬರ್ರಿ ಒಳಗ,” ಎನ್ನುತ್ತಾಳೆ ಹೆಂಡತಿ.

ಕಳೆದ ತಿಂಗಳು ಮೂಡಲಗಿಯಲ್ಲಿ ಗುರುಗಳ ನಿವೃತ್ತಿಯ ಬೀಳ್ಕೊಡುಗೆ ನಡೆಯಿತು. ನಮ್ಮ ಕಡೆಯ ಪದ್ಧತಿಯಂತೆ ಗುರುಗಳಿಗೂ ಅತಿಥಿಗಳಿಗೂ ತಲೆಗೆ ಒಂದೇ ಬಣ್ಣದ ಪಟಗಾ, ಅಂದರೆ ರುಮಾಲು, ಸುತ್ತಿದೆವು. ಬೋಳು ತಲೆ, ವಿಭೂತಿ ಎರಡೂ ಅದರಡಿ ಮುಚ್ಚಿಹೋದವು. ಈಗ ನಾಲ್ಕನೆಯ ತರಗತಿಯಲ್ಲಿರುವ ಸುಮನ ಹಾರ ಹಿಡಿದು ವೇದಿಕೆ ಹತ್ತಿದವಳು, ಸಾಲು ಪಟಗಾಗಳೆದುರು ನಿಂತುಬಿಟ್ಟಳು. “ನಮ್ಮ ಗುರುಗಳು ಎಲ್ಲಿ ಅದಾರ್ರಿ?” ಎಂದಳು. ಗುರುಗಳು ಎದ್ದು, ನಾವು ಅಷ್ಟು ಸಡಗರದಿಂದ ಸುತ್ತಿದ್ದನ್ನು ಬಿಚ್ಚಿ ಕುರ್ಚಿಯ ಮೇಲಿಟ್ಟು, “ಸುಮನಾ, ನಾ ಮುರಿಗೆಪ್ಪ ಮಾಸ್ತರ,” ಎಂದು ತಲೆ ಬಾಗಿಸಿದರು.

ಪೂಜ್ಯರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ, ನಿವೃತ್ತಿಯ ನೆಪದಲ್ಲಿ ಸೀತವ್ವನಂಥ ತಾಯಂದಿರ ಬಾಗಿಲು ಮರೆಯದಿರಲಿ. ಅಭಿನಂದನ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಈ ಗ್ರಂಥ ಬಿಡುಗಡೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಪಟಗಾ ಮಾತ್ರ ಬೇಡ. ಸುಮನ ಬರುತ್ತಾಳೆ.