ಪರದೆ ಬೀಳುವವರೆಗೆ

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವರು. ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೂ, ರೇಡಿಯೋದಲ್ಲಿ ಹಳೆಯ ನಾಟಕ ಬಂದರೆ ಅವರ ಬಲಗೈ ಹಗ್ಗ ಹಿಡಿದಂತೆ ಮುಷ್ಟಿ ಕಟ್ಟುತ್ತಿತ್ತು.

ರಂಗದ ಮೇಲೆ ಸತ್ತು ಬಿದ್ದ ನಟ ಪರದೆ ಬೀಳುವವರೆಗೆ ಎದೆ ಅಲುಗಿಸುವಂತಿಲ್ಲ. ಕಾಕಾನ ಚಿಂತೆಯೆಲ್ಲ ಅಲ್ಲೇ. ಕಳೆದ ಶ್ರಾವಣದಲ್ಲಿ ನಾವು ಕೇಳಿದ ನಾಟಕದಲ್ಲಿ ರಾಜಕುಮಾರ ಯುದ್ಧದಲ್ಲಿ ಸತ್ತ. ಶೋಕದ ಹಾಡು ಶುರುವಾಯಿತು, ಬೇಗ ಮುಗಿಯಲಿಲ್ಲ. ದಮ್ಮಿನ ರೋಗಿಯಾದ ಕಾಕಾ ತಾವೂ ಉಸಿರು ಬಿಗಿಹಿಡಿದು ಕುಳಿತರು. ಅವರ ತುಟಿ ಕಪ್ಪಾಗತೊಡಗಿತು.

"ಸತ್ತಂವ ಅಲ್ಲೆ ಕುಂತು ಚಾ ಕುಡಿಯಾಕತ್ತಿರಬೇಕು. ನೀವು ಮೊದಲ ಉಸರ ಬಿಡ್ರಿ," ಎನ್ನುತ್ತ ಅವರ ಹೆಂಡತಿ ಬೆನ್ನು ತಿಕ್ಕಿದರು.

ಹಾಡು ನಿಂತ ಮೇಲೆ ಕಾಕಾ ಏದುಸಿರು ಬಿಡುತ್ತ ರೇಡಿಯೋಕ್ಕೇ ಹೇಳಿದರು: "ಪರದಿ ಜಲ್ದಿ ಬಿಡ್ರಲೇ, ಅಂವಗ ಉಸರ ಬೇಕು." ಪ್ರತಿ ನಾಟಕಕ್ಕೂ ಇದೇ ಮಾತು.

"ರೇಡಿಯೋಕ್ಕ ಎಲ್ಲಿ ಪರದಿ ರೀ ಕಾಕಾ?" ಎಂದೆ.

"ಅದಕ್ಕ ನನಗ ಅಂಜಿಕಿ ಬರತೈತಿ."

ಮೊನ್ನೆ ಮುಂಜಾನೆ ಅವರ ಹೆಂಡತಿ ಕೂಗಿದಾಗ ಓಡಿದೆ. ಕಾಕಾ ಮಂಚದ ಮೇಲೆ ಅಲುಗಾಡದೆ ಮಲಗಿದ್ದರು. ಡಾಕ್ಟರು ಬಂದು ನಾಡಿ ನೋಡಿ, ಇಲ್ಲವೆಂಬಂತೆ ತಲೆಯಾಡಿಸಿ ಹೊರಗೆ ಹೋದರು. ಓಣಿಯ ಜನ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ನಾನು ಹೋಗಿ ಬಾಗಿಲ ಪರದೆಯನ್ನು ಜಲ್ದಿ ಎಳೆದೆ. ಎಳೆದು, ಅವರ ಎದೆಯನ್ನೇ ನೋಡುತ್ತ ನಿಂತೆ.