ಖಾಲಿ ಕಂಡ ಫೋಲ್ಡರ್

ತಾಮ್ ಲುವನ್ ಅವರನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ. ಅವರ ಫೋಟೋ ಅಂಗಡಿಗೂ ನನ್ನ ಕಾಫಿ ಗಾಡಿಗೂ ನಡುವೆ ಒಂದು ಚರಂಡಿ, ಅಷ್ಟೇ. ನಮ್ಮ ಸಾ ದೆಕ್ ಊರಿನಲ್ಲಿ ಮನೆಯಲ್ಲಿ ಎಷ್ಟನೆಯವರೋ ಆ ಸಂಖ್ಯೆಯೇ ಕರೆಯುವ ಹೆಸರು. ತಾಮ್ ಎಂದರೆ ಎಂಟು. ನಾನು ಉತ್, ಎಲ್ಲರಿಗಿಂತ ಕೊನೆಯವಳು. ಅರವತ್ತು ದಾಟಿದ ಆ ಮನುಷ್ಯನನ್ನು ಬೀದಿಯವರೆಲ್ಲ ತಾಮಣ್ಣ ಎನ್ನುತ್ತಾರೆ. ಅವರು ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಆ ಕೊರತೆಯನ್ನು ನಾನು ತುಂಬುತ್ತೇನೆ.

ಅವರ ಅಂಗಡಿಯಲ್ಲಿ ಮದುವೆ ಫೋಟೋ, ಶಾಲೆ ಫೋಟೋ ಎಲ್ಲ ಆಗುತ್ತಿತ್ತು. ಆದರೆ ಅವರು ಹೆಸರು ಮಾಡಿದ್ದು ಪೂಜೆಯ ಫೋಟೋಗೆ, ಅಂದರೆ ಸತ್ತ ಮೇಲೆ ಶವಪೆಟ್ಟಿಗೆಯ ಮುಂದೆ ನಿಲ್ಲಿಸಿ ಆಮೇಲೆ ಮನೆಯಲ್ಲಿ ಹಿರಿಯರನ್ನು ಪೂಜಿಸುವ ಪೀಠದ ಮೇಲೆ ಇಡುತ್ತಾರಲ್ಲ, ಆ ಚಿತ್ರಕ್ಕೆ. ಮೊದಲು ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತಿದ್ದುತ್ತಿದ್ದರು. ನಲವತ್ತು ದಾಟಿದ ಮೇಲೆ ಒಂದು ಹಳೆಯ ಕಂಪ್ಯೂಟರ್ ಕೊಂಡು ಅದರಲ್ಲಿ ಕಲಿತರು. ಸುಕ್ಕು ಪೂರ್ತಿ ತೆಗೆಯುತ್ತಿರಲಿಲ್ಲ, ಸ್ವಲ್ಪ ಸಡಿಲ ಮಾಡುತ್ತಿದ್ದರು. "ಮೊಮ್ಮಕ್ಕಳಿಗೆ ಗುರುತು ಸಿಗ್ಬೇಕು, ಜೊತೆಗೆ ಹೆದರಿಕೆನೂ ಆಗ್ಬಾರ್ದು" ಎನ್ನುತ್ತಿದ್ದರು. ಪರದೆಯ ಹಿಂದೆ ಒಂದು ನೀಲಿ ರೇಷ್ಮೆ ನಿಲುವಂಗಿ ತೂಗುಹಾಕಿದ್ದರು, ಬೆನ್ನ ಕಡೆ ಸೀಳಿ ಕ್ಲಿಪ್ಪು ಹಾಕುವಂಥದ್ದು. ದಪ್ಪಗಿನವರು, ಸಣಕಲರು, ಎಲ್ಲರಿಗೂ ಅದೇ ಅಂಗಿ. ಊರಿನ ಅರ್ಧ ಪೀಠಗಳ ಮೇಲೆ ಇವತ್ತಿಗೂ ಅದೇ ಅಂಗಿ ಕೂತಿದೆ.

ಬದುಕಿರುವಾಗಲೇ ಈ ಫೋಟೋ ತೆಗೆಸಿಡುವುದು ನಮ್ಮಲ್ಲಿ ರೂಢಿ. ತೆಗೆಸಿದರೆ ಆಯಸ್ಸು ಜಾಸ್ತಿ ಎಂಬ ನಂಬಿಕೆ. ಆದರೆ ಅದನ್ನು ಮನೆಗೆ ಒಯ್ಯುವ ಧೈರ್ಯ ಯಾರಿಗೂ ಇಲ್ಲ, ಬದುಕಿರುವವರ ಪೂಜೆಯ ಫೋಟೋ ಮನೆಯಲ್ಲಿದ್ದರೆ ಸಾವಿಗೆ ದಾರಿ ತೋರಿಸಿದ ಹಾಗೆ. ಅದಕ್ಕೇ ಎಲ್ಲರೂ "ನಿಮ್ಹತ್ರಾನೇ ಇರ್ಲಿ, ಹೊತ್ತು ಬಂದಾಗ ಮಕ್ಕಳು ಬರ್ತಾರೆ" ಎಂದು ಎದ್ದು ಹೋಗುತ್ತಿದ್ದರು. ಪ್ರತಿ ಬೇಡ, ಪೆನ್‌ಡ್ರೈವ್ ಬೇಡ. ತಾಮಣ್ಣ ಕೂಡ ಅದನ್ನು ತಮ್ಮ ಮನೆಗೆ ಒಯ್ಯುತ್ತಿರಲಿಲ್ಲ. ಹೀಗೆ ಇನ್ನೂರು ಚಿಲ್ಲರೆ ಮುದುಕ ಮುದುಕಿಯರ ಮುಖ ಆ ಒಂದೇ ಕಂಪ್ಯೂಟರ್ ಡಬ್ಬದಲ್ಲಿ ಕಾಯುತ್ತಿತ್ತು. ನನ್ನದೂ ಇತ್ತು.

ಒಮ್ಮೆ ಮದುವೆ ಫೋಟೋ ಆರಿಸಲು ಬಂದವನೊಬ್ಬ ಕಂಪ್ಯೂಟರ್ ಪರದೆಯ ಮೇಲೆ ತನ್ನ ಜೀವಂತ ಅಪ್ಪನನ್ನು ಕಪ್ಪು ಚೌಕಟ್ಟಿನಲ್ಲಿ ಕಂಡು ಹೊಡೆಯಲು ಕುರ್ಚಿ ಎತ್ತಿದ್ದ. ಅವತ್ತೇ ತಾಮಣ್ಣ ಆ ಮುಖಗಳ ಫೋಲ್ಡರನ್ನು ಯಾರ ಕಣ್ಣಿಗೂ ಬೀಳದ ಕಡೆ, ಫೋಟೋ ತಿದ್ದುವ ಪ್ರೋಗ್ರಾಂನ ಫೋಲ್ಡರಿನ ಒಳಗೆ ಸೇರಿಸಿದರು. ಸಾಲದ್ದಕ್ಕೆ, ಅಲ್ಲಿ ತೆರೆದು ನೋಡಿದರೂ ಕಾಣದ ಹಾಗೆ ಅದನ್ನು ಮರೆಮಾಡಿದರು. ಪ್ರೋಗ್ರಾಂ ತೆರೆದರೆ ಹಿಂದೆ ತೆರೆದ ಚಿತ್ರಗಳ ಪಟ್ಟಿ ಬರುತ್ತಿತ್ತು, ಅಲ್ಲಿಂದಲೇ ಅವರ ಕೆಲಸ. ಎಂಟು ವರ್ಷ ಹಾಗೇ ನಡೆಯಿತು. ಎಲ್ಲಿಟ್ಟೆ ಎಂಬುದೇ ಮರೆತುಹೋಯಿತು. ಮದುವೆ ಫೋಟೋಗಳ ಜೊತೆ ಇನ್ನೊಂದು ಡ್ರೈವಿನಲ್ಲಿದೆ ಎಂದೇ ಅವರು ನಂಬಿಕೊಂಡಿದ್ದರು.

ಆ ಬೆಳಿಗ್ಗೆ ಎಂಟು ಗಂಟೆಗೆ ಹುವೆ ಬಂದಳು. ಅಕ್ಕಿಹಿಟ್ಟು ಮಾಡುವ ನಾಮಜ್ಜಿಯ ಮಗಳು. ಕಣ್ಣು ಊದಿತ್ತು, ಕೈಯಲ್ಲಿ ಖಾಲಿ ಚೌಕಟ್ಟು.

"ಅಮ್ಮ ಬೆಳಗಿನ ಜಾವ ಹೋದ್ರು ಮಾಮ. ಫೋಟೋ ನಿಮ್ಹತ್ರ ಇದೆ ಅಂತಿದ್ರು. ನಾಲ್ಕು ಗಂಟೆಗೆ ತಲೆಗೆ ಸೂತಕದ ಬಿಳಿ ಪಟ್ಟಿ ಕಟ್ಟೋ ಮುಹೂರ್ತ."

"ಇದೆ ಮಗಳೇ, ಇದೆ. ಮಧ್ಯಾಹ್ನದೊಳಗೆ ಕೊಡ್ತೀನಿ" ಎಂದರು ತಾಮಣ್ಣ.

ಆ ಚಿತ್ರ ತೆಗೆದ ದಿನ ನಾನು ಅಲ್ಲೇ ಇದ್ದೆ. ಆರು ವರ್ಷವಾಯಿತು. ಅಜ್ಜಿಯ ತಲೆ ಬಾಚಿದ್ದು ನಾನೇ. ಅವರ ಎಡ ಹುಬ್ಬನ್ನು ಸೀಳಿಕೊಂಡು ಹಣೆಯವರೆಗೆ ಒಂದು ಬಿಳಿ ಗೆರೆ ಇತ್ತು. ಗಂಡ ಎಸೆದ ಸಾರಿನ ಬಟ್ಟಲಿನ ಗುರುತು. ಗಂಡ ಸತ್ತು ಎಷ್ಟೋ ಕಾಲವಾಗಿತ್ತು, ಗೆರೆ ಉಳಿದಿತ್ತು. ಅಂಗಿಯ ಕ್ಲಿಪ್ಪು ಹಾಕಿಸಿಕೊಳ್ಳುತ್ತಾ ಅಜ್ಜಿ ಹೇಳಿದ್ದರು: "ತಾಮ್, ಈ ಗೆರೆ ತೆಗ್ದುಬಿಡಪ್ಪ. ಪೀಠದ ಮೇಲೆ ಅವನ ಪಕ್ಕದಲ್ಲೇ ಕೂರಿಸ್ತಾರೆ. ಅಲ್ಲೂ ಇದನ್ನ ಹೊತ್ಕೊಂಡು ಕೂರೋಕೆ ನನ್ನಿಂದಾಗಲ್ಲ. ಹುವೆಗೆ ಹೇಳ್ಬೇಡಿ, ಬಾಗಿಲು ತಗುಲಿದ್ದು ಅಂತ ಅವಳಿಗೆ ಹೇಳಿದೀನಿ." ತಾಮಣ್ಣ ಮಾತು ಕೊಟ್ಟರು. ಮೂರು ದಿನ ಕೂತು ಹುಬ್ಬಿನ ಒಂದೊಂದೇ ಕೂದಲು ಬರೆದರು. ಅಜ್ಜಿ ನೋಡಿ ತಾಮಣ್ಣನ ಕೈಯನ್ನು ಒಂದು ಸಲ ತಟ್ಟಿ, ಮರುದಿನ ಒಂದು ಮೂಟೆ ಅಕ್ಕಿಹಿಟ್ಟು ಕಳಿಸಿದರು.

ಹುವೆ ಅತ್ತ ಹೋದಳು, ಇತ್ತ ಪ್ರೋಗ್ರಾಂ ಕೈ ಕೊಟ್ಟಿತು. ತಿಂಗಳ ಹಿಂದೆ ಕರೆಂಟು ಹೋಗಿ ಬಂದಾಗಿನಿಂದ ಅದಕ್ಕೆ ಗ್ರಹಚಾರ ಹಿಡಿದಿತ್ತು. ತೆರೆದರೆ ಅರ್ಧ ತೆರೆದು ಮುಚ್ಚಿಕೊಳ್ಳುತ್ತಿತ್ತು. ಹತ್ತು ಸಲಕ್ಕೆ ಒಂದು ಸಲವಾದರೂ ಏಳುತ್ತಿತ್ತು, ಅವತ್ತು ಅದೂ ಇಲ್ಲ. ಆ ಚಿತ್ರಗಳು ಬೇರೆ ಯಾವುದರಲ್ಲೂ ತೆರೆಯುವುದಿಲ್ಲ. ಮಾರುಕಟ್ಟೆಯ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸು ತವರಿಗೆ ಹೋಗಿದ್ದಳು. ತಾಮಣ್ಣ ಅವಳಿಗೇ ಫೋನು ಹಚ್ಚಿ, ಸ್ಪೀಕರ್ ಜೋರು ಮಾಡಿ ಮೇಜಿನ ಮೇಲಿಟ್ಟರು. ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತೆ.

"ಮೊದ್ಲು ತೆಗ್ದು ಹಾಕಿ. ಆಮೇಲೆ ಡಿಸ್ಕಿಂದ ಮತ್ತೆ ಹಾಕಿ" ಎಂದಳು ಅವಳು.

ತೆಗೆದರು, ಹಾಕಿದರು. ಅದೇ ರೋಗ. ಅರ್ಧ ತೆರೆದು ಮುಚ್ಚಿಕೊಂಡಿತು.

"ಪೂರ್ತಿ ಹೋಗಿಲ್ಲ ತಾಮಣ್ಣ. ಕೆಟ್ಟಿದ್ದು ಒಳಗೆ ಉಳ್ಕೊಂಡಿದೆ. ಮತ್ತೆ ತೆಗೀರಿ. ತೆಗೆದ್ಮೇಲೂ ಅದರ ಹೆಸರಿನ ಫೋಲ್ಡರ್ ಒಂದು ಕೂತಿರುತ್ತೆ ನೋಡಿ. ಅದನ್ನ ಬುಡಸಮೇತ ಅಳಿಸಿ, ಕಸದ ಬುಟ್ಟಿಗೂ ಹೋಗ್ಬಾರ್ದು. ನಿಮ್ದೇನಾದ್ರೂ ಇದ್ಯಾ ಅದ್ರಲ್ಲಿ?"

ತಾಮಣ್ಣ ಫೋಲ್ಡರ್ ತೆರೆದು ನೋಡಿದರು. ಖಾಲಿ. ಕನ್ನಡಕ ಏರಿಸಿ ಮತ್ತೆ ನೋಡಿದರು. ಇನ್ನೊಂದು ಡ್ರೈವಿಗೆ ಹೋಗಿ ಮದುವೆ ಫೋಟೋಗಳಿವೆಯೇ ಎಂದು ನೋಡಿಕೊಂಡರು. ಇದ್ದವು.

"ಏನೂ ಇಲ್ಲ, ಖಾಲಿ" ಎಂದು ಅಳಿಸಿದರು.

ಖಾಲಿ ಫೋಲ್ಡರ್ ಅಳಿಸಲು ಆ ಯಂತ್ರ ನಾಲ್ಕು ನಿಮಿಷ ತೆಗೆದುಕೊಂಡಿತು. ಹಸಿರು ಪಟ್ಟಿ ತೆವಳುತ್ತಾ ಹೋಗುವುದನ್ನು ನಾನೂ ನೋಡಿದೆ. "ಮುದಿ ಯಂತ್ರ, ನಿಮ್ಹಾಗೇ" ಎಂದು ನಾನು ರೇಗಿಸಿದೆ. ಅವರು ನಕ್ಕರು. ಆ ನಗುವಿಗೂ ನನ್ನ ಆ ಮಾತಿಗೂ ನಾನು ಇವತ್ತಿನವರೆಗೆ ನನ್ನನ್ನೇ ಶಪಿಸಿಕೊಳ್ಳುತ್ತೇನೆ.

ಆಮೇಲೆ ಒಳಗಿನ ದಾಖಲೆಗಳಲ್ಲಿ ಆ ಪ್ರೋಗ್ರಾಂನ ಹೆಸರು ಎಲ್ಲೆಲ್ಲಿ ಇದೆಯೋ ಹುಡುಕಿ ಅಳಿಸಿದ್ದಾಯಿತು. ಕಂಪ್ಯೂಟರ್ ಆರಿಸಿ ಹಚ್ಚಿದ್ದಾಯಿತು. ಗೀರು ಬಿದ್ದ ಡಿಸ್ಕನ್ನು ಅಂಗಿಯ ತುದಿಯಿಂದ ಒರೆಸಿ ಹಾಕಿದ್ದಾಯಿತು. ಒಂದೂವರೆಗೆ ಪ್ರೋಗ್ರಾಂ ತೆರೆದುಕೊಂಡಿತು, ಕೊಂಡ ದಿನ ಹೇಗಿತ್ತೋ ಹಾಗೆ, ಒಂದು ತೊಡಕೂ ಇಲ್ಲದೆ. ಹಿಂದೆ ತೆರೆದ ಚಿತ್ರಗಳ ಪಟ್ಟಿ ಇರುತ್ತಿದ್ದ ಜಾಗ ಮಾತ್ರ ಬರಿದಾಗಿತ್ತು.

ಅವರು ಮದುವೆಗಳ ಡ್ರೈವಿನಲ್ಲಿ ಹುಡುಕಿದರು. ಇನ್ನೊಂದು ಸಲ ಹುಡುಕಿದರು. ಆಮೇಲೆ ಕೈ ಮೌಸಿನ ಮೇಲೇ ನಿಂತುಬಿಟ್ಟಿತು. ಅವರಿಗೆ ನೆನಪಾದ ಗಳಿಗೆ ನನಗೆ ಮುಖ ನೋಡಿಯೇ ತಿಳಿಯಿತು.

"ಉತ್, ಆ ಫೋಲ್ಡರಿನೊಳಗೇ ನಾನೇ ಬಚ್ಚಿಟ್ಟಿದ್ದೆ. ಅದಕ್ಕೇ ಖಾಲಿ ಕಾಣಿಸ್ತು."

ಫೋನಿನಲ್ಲಿ ಆ ಹೆಂಗಸು ಹೇಳಿದಳು: "ಬರೀ ಅಳಿಸಿದ್ರೆ ಏನಾದ್ರೂ ಮಾಡ್ಬಹುದಿತ್ತು ಅಣ್ಣ. ಅದರ ಮೇಲೇ ಹೊಸದು ಹಾಕ್ಬಿಟ್ರಲ್ಲ." ಆಮೇಲೆ ಅವಳು ಬಂದು ಎರಡು ದಿನ ಒದ್ದಾಡಿದರೂ ಸಿಕ್ಕಿದ್ದು ಅರ್ಧ ಕಿವಿ, ತುಂಡು ತುಂಡು ನೀಲಿ ಅಂಗಿ.

ಎರಡು ಗಂಟೆಗೆ ಹುವೆ ಬಂದಾಗ ತಾಮಣ್ಣ ಎದ್ದು ನಿಂತು, ಕೈ ಕಟ್ಟಿಕೊಂಡು, ನಡೆದದ್ದನ್ನು ಇದ್ದ ಹಾಗೆ ಹೇಳಿದರು. ಅವಳು ಬಯ್ಯಲಿಲ್ಲ. ಚೀಲದಿಂದ ಅಮ್ಮನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಬೆರಳಿನ ಉಗುರಿನಷ್ಟು ಚಿತ್ರ. ಮುಖ ಬಿಗಿದುಕೊಂಡಿತ್ತು, ಹುಬ್ಬಿನ ಮೇಲೆ ಆ ಗೆರೆ ಚೆನ್ನಾಗಿ ಕಾಣುತ್ತಿತ್ತು. ತಾಮಣ್ಣ ಅದನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದರು. ನೀಲಿ ಅಂಗಿಯನ್ನು ಮೊಳೆಗೆ ತೂಗುಹಾಕಿ ಅದರ ಫೋಟೋ ತೆಗೆದು ಕತ್ತಿನ ಕೆಳಗೆ ಸೇರಿಸಿದರು. ಮೂರು ಗಂಟೆಯ ಹೊತ್ತಿಗೆ ಮುಖ ಒಂದು ಹದಕ್ಕೆ ಬಂತು. ಆಮೇಲೆ ಗೆರೆಯ ಹತ್ತಿರ ಹೋದರು.

"ಅದು ಇರ್ಲಿ ಮಾಮ" ಎಂದಳು ಹುವೆ.

"ಇದನ್ನ ತೆಗೀಬೇಕು ಮಗಳೇ. ನಿಮ್ಮಮ್ಮನೇ ಹೇಳಿದ್ರು."

"ಯಾಕೆ ಅಂತ ಹೇಳಿದ್ರು?"

ತಾಮಣ್ಣ, ಕಾರಣ ಹೇಳುವುದಿಲ್ಲ ಎಂದು ಅಜ್ಜಿಗೆ ಮಾತು ಕೊಟ್ಟಿದ್ದರಲ್ಲ. "ತೆಗೀ ಅಂದಿದ್ರು. ಹಳೇದ್ರಲ್ಲಿ ತೆಗ್ದಿದ್ದೆ" ಎಂದಷ್ಟೇ ಹೇಳಿದರು.

"ಎಲ್ಲಿ, ತೋರ್ಸಿ ಹಳೇದು."

ತೋರಿಸಲು ಏನಿತ್ತು? ಹುವೆ ಇನ್ನೂ ಮೆಲ್ಲಗೆ ಹೇಳಿದಳು: "ಕಳ್ದಿದ್ದೂ ಅಲ್ದೆ ಸತ್ತೋರ ಹೆಸರಲ್ಲಿ ಕತೆ ಕಟ್ತೀರಾ ಮಾಮ? ಈ ಗುರುತಿಲ್ದೆ ಇವಳು ನಮ್ಮಮ್ಮ ಹೇಗಾಗ್ತಾಳೆ? ಬಿಡಿ ಅದನ್ನ."

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಊರಲ್ಲೆಲ್ಲ ನನ್ನ ಬಾಯಿಗೆ ಹೆದರುತ್ತಾರೆ. ಆದರೆ ತಾಯಿಯನ್ನು ಇನ್ನೂ ಪೆಟ್ಟಿಗೆಯಲ್ಲಿ ಮಲಗಿಸಿಲ್ಲ, ಅಂಥ ಮಗಳ ಮುಂದೆ ಅವಳಪ್ಪ ಬಟ್ಟಲು ಎಸೆದ ಕತೆ ತೆಗೆಯಲು ನನಗೆ ನಾಲಿಗೆ ಏಳಲಿಲ್ಲ. ತಾಮಣ್ಣ ನನ್ನ ಕಡೆ ಒಮ್ಮೆ ನೋಡಿದರು. ನಾನು ಕಾಫಿ ಲೋಟದ ಕಡೆ ನೋಡಿದೆ. ಅವರು ಗೆರೆಯನ್ನು ಹಾಗೇ ಬಿಟ್ಟು ಮುದ್ರಿಸಿ ಕೊಟ್ಟರು. ನಾಲ್ಕು ಗಂಟೆಗೆ ಮನೆಯವರು ಅದರ ಮುಂದೆ ತಲೆಗೆ ಬಿಳಿ ಪಟ್ಟಿ ಕಟ್ಟಿಕೊಂಡರು.

ಆಮೇಲಿನ ತಿಂಗಳು ತಾಮಣ್ಣ ಸೈಕಲ್ ಹತ್ತಿ ಮನೆ ಮನೆಗೆ ಹೋದರು. ನಿಮ್ಮ ಫೋಟೋ ಹೋಯಿತು, ಇನ್ನೊಮ್ಮೆ ಬಂದು ಕೂತುಕೊಳ್ಳಿ ಎಂದು ಹೇಳಲು. ಹೂವಿನ ತೋಟದ ಮುದುಕನೊಬ್ಬ, "ಒಂದ್ಸಲ ತೆಗೆಸಿದ್ದಕ್ಕೆ ಎಂಟು ವರ್ಷ ಹೆಚ್ಗೆ ಬದುಕಿದೀನಿ. ಎರಡನೇ ಸಲ ತೆಗೆಸಿ ಯಮನಿಗೆ ನೆನಪು ಮಾಡಿಕೊಡ್ಬೇಕಾ?" ಎಂದು ಬಾಗಿಲು ಹಾಕಿಕೊಂಡ. ಕೆಲವರು ಹಾಸಿಗೆ ಹಿಡಿದಿದ್ದರು, ಹಲ್ಲು ಬಿದ್ದು ಬಾಯಿ ಒಳಗೆ ಹೋಗಿತ್ತು, ಆ ಮುಖ ಇಡಲು ಅವರಿಗೇ ಇಷ್ಟವಿರಲಿಲ್ಲ. ಹಾಸಿಗೆಯಲ್ಲಿದ್ದ ಒಬ್ಬಾಕೆ ಅತ್ತುಬಿಟ್ಟರಂತೆ. ಬಂದವರು ಹದಿನೇಳು ಜನ. ನನ್ನನ್ನೂ ಕರೆದರು. "ಬರ್ತೀನಿ, ಬರ್ತೀನಿ" ಎಂದು ನಾನೂ ತಪ್ಪಿಸಿಕೊಂಡೆ.

ಅಜ್ಜಿ ತೀರಿಹೋದ ನಲವತ್ತೊಂಬತ್ತನೆಯ ದಿನದ ಪೂಜೆಗೆ ಕಿತ್ತಳೆ ಹಣ್ಣು ಕಟ್ಟಿಕೊಂಡು ಹುವೆಯ ಮನೆಗೆ ಹೋದೆ. ಪೀಠದ ಮೇಲೆ ಗಂಡ ಹೆಂಡತಿ ಪಕ್ಕ ಪಕ್ಕ. ಗಂಡನಿಗೆ ನುಣುಪು ಮುಖ, ಹೆಂಡತಿಗೆ ಗೆರೆ. ನೆಂಟರು ಊಟಕ್ಕೆ ಎದ್ದ ಮೇಲೆ ಹುವೆಯ ತೋಳು ಹಿಡಿದೆ.

"ತಾಮಣ್ಣ ಸುಳ್ಳು ಹೇಳಿರ್ಲಿಲ್ಲ ಕಣೇ. ನಾನೇ ಕಿವಿಯಾರೆ ಕೇಳಿದೀನಿ. ಆ ಗೆರೆ..."

"ಬಾಗಿಲು ತಗುಲಿದ್ದಲ್ಲ, ಗೊತ್ತು ಅತ್ತೆ." ಅವಳು ಊದುಬತ್ತಿಯ ಬೂದಿ ಕೊಡವುತ್ತಿದ್ದಳು. "ನಂಗಾಗ ಏಳು ವರ್ಷ. ಬಟ್ಟಲಿನ ಚೂರು ಆರಿಸಿದ್ದು ನಾನೇ. ಮಾಮ ಸುಳ್ಳು ಹೇಳ್ತಿಲ್ಲ ಅಂತಾನೂ ಅವತ್ತೇ ಗೊತ್ತಾಗಿತ್ತು."

"ಮತ್ತೆ?"

"ಪಕ್ಕದಲ್ಲೇ ಇದ್ದಾನಲ್ಲ, ನೋಡ್ಲಿ ಅವನು. ದಿನಾ ಅನ್ನ ಇಡ್ತೀನಿ, ಇಬ್ಬರಿಗೂ. ಉಣ್ಣೋವಾಗೆಲ್ಲ ನೋಡ್ಲಿ."

"ಅಮ್ಮನ ಆಸೆ ಅದಲ್ವಲ್ಲೇ."

"ಅಮ್ಮ ಬದುಕಿದ್ದಾಗೆಲ್ಲ ಮುಚ್ಚಿಟ್ರು. ಇನ್ನು ನಾನು ಮುಚ್ಚಲ್ಲ." ಅವಳದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ, ಸರಿ ಎನ್ನಲು ಮನಸ್ಸು ಬರಲಿಲ್ಲ.

ಅಲ್ಲಿಂದ ನೇರ ತಾಮಣ್ಣನ ಅಂಗಡಿಗೆ ಬಂದು ಎಲ್ಲ ಹೇಳಿದೆ. ಅವಳಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಎಂದೆ. ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ಕಂಪ್ಯೂಟರ್ ಹಚ್ಚಿದರು. ಈಗ ಮುಖಗಳ ಹೊಸ ಫೋಲ್ಡರ್ ಎದುರಿಗೇ ಇತ್ತು, ಯಾರು ಬೇಕಾದರೂ ನೋಡುವ ಹಾಗೆ. ಹದಿನೇಳು ಜನರ ಚಿತ್ರಗಳ ಕೆಳಗೆ ಇನ್ನೊಂದು ಇತ್ತು. ತೆರೆದರು.

ನಾಮಜ್ಜಿ. ನೀಲಿ ಅಂಗಿ, ಬಾಚಿದ ತಲೆ, ಎಡ ಹುಬ್ಬು ಇಡಿಯಾಗಿ. ಗುರುತಿನ ಚೀಟಿಯ ಆ ಬಿಗಿದ ಬಾಯಿಯನ್ನೂ ಸಡಿಲ ಮಾಡಿದ್ದರು. ಅವತ್ತು ಅವರ ಕೈ ತಟ್ಟಿದಾಗ ಅಜ್ಜಿಯ ಮುಖ ಹೇಗಿತ್ತೋ ಹಾಗೆ. ಎಷ್ಟು ದಿನ ಕೂತಿದ್ದರೋ.

"ಯಾವಾಗ ಮಾಡಿದ್ರಿ?"

"ಮಾತು ಕೊಟ್ಟಿದ್ದು ಅಜ್ಜಿಗಲ್ವಾ. ನೆನಪಿಂದ ಮಾಡ್ದೆ. ಹುವೆ ಹೇಳಿದ್ದೂ ಸರಿಯೇ ಇರ್ಬಹುದು, ಪೀಠ ಅವಳದು. ಆದ್ರೆ ಉತ್, ಇದನ್ನ ಮುದ್ರಿಸಿದ್ರೂ ಇಡೋಕೆ ಜಾಗ ಇಲ್ಲ. ಇದಕ್ಕೆ ಊದುಬತ್ತಿ ಹಚ್ಚೋರು ಯಾರು?"

ಅವರು ನನ್ನನ್ನು ಕೇಳಿದರೋ ಪರದೆಯನ್ನು ಕೇಳಿದರೋ ತಿಳಿಯಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ನಾನು ಗಾಡಿಗೆ ಹೋಗಿ ಒಂದು ಕಾಫಿ ಲೋಟಕ್ಕೆ ಹಿಡಿ ಅಕ್ಕಿ ಸುರಿದೆ. ಅಂಗಡಿಯ ಬಾಗಿಲ ಮೂಲೆಯಲ್ಲಿ ಜಾಗ ಕಾಯುತ್ತ ಕೂತ ಭೂದೇವರ ಮುಂದಿನಿಂದ ಮೂರು ಊದುಕಡ್ಡಿ ತೆಗೆದು, ಹಚ್ಚಿ, ಲೋಟದಲ್ಲಿ ಸಿಕ್ಕಿಸಿ ಕಂಪ್ಯೂಟರಿನ ಪಕ್ಕ ಇಟ್ಟೆ. ಬದುಕಿರುವ ಹದಿನೇಳು ಜನರ ಚಿತ್ರಗಳೂ ಅದೇ ಡಬ್ಬದಲ್ಲಿವೆ, ಇದು ಅಪಶಕುನ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಕಡ್ಡಿ ಪೂರ್ತಿ ಉರಿಯುವವರೆಗೆ ಅವರು ಯಂತ್ರ ಆರಿಸಲಿಲ್ಲ, ನಾನೂ ಗಾಡಿಗೆ ಹೋಗಲಿಲ್ಲ.